ನಾಡತಳಿಗಳ ಅಳಿವು

ಒಂದು ತಳಿಯು ಎಷ್ಟು ಇಳುವರಿ ಕೊಡುವದೆಂಬದನ್ನು ಎಲ್ಲರೂ ಕೇಳುತ್ತಾರೆ. ಬೇನೆ ಬಂದ ವರ್ಷ ಅದು ಬದುಕಿ ಉಳಿಯುವದೋ ಎಂಬದನ್ನು ಕೇಳುವವರು ವಿರಳ. ಅಧಿಕ ಇಳುವರಿಯ ಬೀಜಗಳು ದೇಶದ ಹಸಿವನ್ನು ಹಿಂಗಿಸಿದ್ದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅವುಗಳ ಭರದಲ್ಲಿ ನಾಡತಳಿಗಳನ್ನು ಕೈಬಿಡುವದು ಬಡ್ಡಿಯ ಆಶೆಗೆ ಅಸಲನ್ನೇ ಕಳೆದುಕೊಂಡಂತೆ.

ಐರ್ಲಂಡದ ಇತಿಹಾಸವು ಇದಕ್ಕೆ ಸಾಕ್ಷಿಯಾಗಿರುವದು. ಅಲ್ಲಿಯ ಬಡವರು ಬಹುಮಟ್ಟಿಗೆ ‘ಲಂಪರ್’ ಎಂಬ ಒಂದೇ ಜಾತಿಯ ಆಲೂಗಡ್ಡೆಯನ್ನು ನೆಚ್ಚಿದ್ದರು. ಗಡ್ಡೆಯನ್ನೇ ನೆಟ್ಟು ಬೆಳೆಸಿದ ಆ ಗಿಡಗಳೆಲ್ಲ ಒಂದೇ ಅಚ್ಚಿನವು. ಒಂದನ್ನು ಕೊಲ್ಲುವ ಬೇನೆಯು ಎಲ್ಲವನ್ನೂ ಕೊಲ್ಲಬಲ್ಲುದಾಗಿತ್ತು. 1845ರಲ್ಲಿ ಅಂಗಮಾರಿ ರೋಗವು ಹೊಕ್ಕಿತು. ಕೆಲವೇ ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನರು ಮಡಿದರು. ಆಳುವವರ ಅನಾಸ್ಥೆಯು ಆ ಕ್ಷಾಮವನ್ನು ಉಲ್ಬಣಗೊಳಿಸಿತೆಂಬದು ನಿಜ. ಆದರೂ ಕಿಡಿ ಬಿದ್ದದ್ದು ಏಕರೂಪದ ಹೊಲದಲ್ಲಿ.

ಇದಕ್ಕೆ ವಿರುದ್ಧವಾದ ಉದಾಹರಣೆಯು ನಮ್ಮ ದೇಶದ ಬೀಜಗಳದೇ. 1970ರ ಸುಮಾರಿಗೆ, ಕಂದು ಜಿಗಿಹುಳುವಿನಿಂದ ಹರಡಿ ಬತ್ತದ ಪೈರನ್ನು ಗಿಡ್ಡ ಹುಲ್ಲಿನಂತಾಗಿಸುವ ನಂಜುರೋಗವು ಏಶಿಯದ ಗದ್ದೆಗಳನ್ನು ಕಾಡಿತು. ಫಿಲಿಪೈನ್ಸಿನ ಅಂತರರಾಷ್ಟ್ರೀಯ ಬತ್ತ ಸಂಶೋಧನ ಸಂಸ್ಥೆಯವರು ಆರು ಸಾವಿರಕ್ಕೂ ಮಿಕ್ಕಿದ ಬಗೆಗಳನ್ನು ಪರೀಕ್ಷಿಸಿದರು. ರೋಗವನ್ನು ತಡೆವ ಗುಣವು ಕಂಡದ್ದು ಉತ್ತರ ಪ್ರದೇಶದಿಂದ ಒಯ್ದಿದ್ದ ಒಂದು ಕಾಡುಬತ್ತದಲ್ಲಿ ಮಾತ್ರ. ಆ ಗುಣವನ್ನೂ, ಕೇರಳದ ಪಟ್ಟಾಂಬಿಯಲ್ಲಿ ನಾಡಬತ್ತಗಳಿಂದ ಆಯ್ದ ತಳಿಗಳ ಕೀಟನಿರೋಧ ಶಕ್ತಿಯನ್ನೂ ಕೂಡಿಸಿ ಸಿದ್ಧವಾದ ಐ.ಆರ್. 36 ಬತ್ತವು 1976ರಲ್ಲಿ ಹೊರಬಂದು, ಮುಂದೆ ಒಂದು ಕೋಟಿ ಹೆಕ್ಟೇರಿಗೂ ಮಿಕ್ಕಿದ ನೆಲವನ್ನು ವ್ಯಾಪಿಸಿತು. ನಮ್ಮ ರಾಗಿಯ ಕಥೆಯೂ ಇಂಥದೇ. ಬೆಂಕಿರೋಗವನ್ನು ಎದುರಿಸಿ ನಿಲ್ಲುವ ಜಿ.ಪಿ.ಯು. 28 ತಳಿಯ ವಂಶದಲ್ಲಿ ಭಾರತದ ರಾಗಿಯೊಡನೆ ಆಫ್ರಿಕದ ರಾಗಿಯೂ ಬೆರೆತಿರುವದು.

ರೋಗಾಣುಗಳು ಸುಮ್ಮನಿರುವಂಥವಲ್ಲ. ಅವು ರೂಪ ಬದಲಿಸಿ ಇಂದಿನ ನಿರೋಧವನ್ನು ನಾಳೆ ಮುರಿಯುತ್ತವೆ. ಆಗ ಸಂಶೋಧಕನು ಮತ್ತೆ ಹಳೆಯ ಬೀಜಗಳ ಬಾಗಿಲಿಗೇ ಬರಬೇಕಾಗುವದು. ಬೀಜಗಳನ್ನು ಶೀತಲಗೃಹದಲ್ಲಿ ಕಾದಿಟ್ಟರೆ ಸಾಲದೇ ಎಂದು ಕೆಲವರು ಕೇಳಬಹುದು. ಅದು ಅವಶ್ಯವೇ ಸರಿ. ಆದರೆ ಅಲ್ಲಿಯ ಬೀಜವು ಇಟ್ಟ ದಿನದಂತೆಯೇ ಇರುವದು. ಹೊಲದಲ್ಲಿಯ ಬೀಜವಾದರೋ ಮಳೆ, ಮಣ್ಣು, ರೋಗಗಳೊಡನೆ ವರ್ಷವರ್ಷವೂ ಹೆಣಗಿ ಮಾಗುತ್ತ ಹೋಗುವದು.

2001ರ ಸಸ್ಯತಳಿ ಸಂರಕ್ಷಣೆ ಹಾಗೂ ರೈತರ ಹಕ್ಕುಗಳ ಕಾಯಿದೆಯು ನಾಡತಳಿಗಳನ್ನು ಕಾಯ್ದುಕೊಂಡು ಬಂದ ರೈತನಿಗೆ ಮನ್ನಣೆ ಪ್ರತಿಫಲಗಳನ್ನು ವಿಧಿಸಿರುವದು. ಅಧಿಕಾರಿಗಳು ಆ ಕಾಯಿದೆಯನ್ನು ಹಳ್ಳಿಯ ಅರಿವಿಗೆ ಮುಟ್ಟಿಸಲಿ. ಸರಕಾರಿ ಬೀಜಕ್ಷೇತ್ರಗಳಲ್ಲಿ ಸ್ಥಳೀಯ ತಳಿಗಳಿಗಾಗಿ ಒಂದು ತುಂಡು ನೆಲವು ಮೀಸಲಾಗಲಿ. ಪಟ್ಟಣಿಗರು ಪೇಟೆಯಲ್ಲಿ ರಾಜಮುಡಿಯಂಥ ಅಕ್ಕಿಯನ್ನು ಕೇಳಿ ಕೊಳ್ಳಲಿ ಎಂದು ನಾವು ಆಗ್ರಹಪೂರ್ವಕವಾಗಿ ಸೂಚಿಸುತ್ತೇವೆ. ಕೊನೆಯ ಹಿಡಿ ಬೀಜವು ಅನ್ನವಾಗಿ ಹೋದ ಮೇಲೆ ಯಾವ ಸರಕಾರದ ಆಜ್ಞೆಯೂ ಅದನ್ನು ಮರಳಿ ತರಲಾರದು.