ಮರದೊಳಗಿನ ಎರಡು ದಾರಿಗಳು



ನಮ್ಮೂರ ಟ್ಯಾಂಕಿಗೆ ನೀರು ಏರಬೇಕಾದರೆ ಮೋಟಾರು ಬೇಕು. ಕರೆಂಟು ಹೋಯಿತೋ, ನೀರೂ ಹೋಯಿತು. ಆದರೆ ಮರದ ತುದಿಯ ಎಲೆಗೆ ನೀರು ಏರಿಸುವ ಮೋಟಾರು ಯಾವುದು? ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 100 ಮೀಟರಿಗಿಂತ ಎತ್ತರದ ರೆಡ್‌ವುಡ್ ಮರಗಳಿವೆ. ಅಲ್ಲಿಗೂ ನೀರು ಏರುತ್ತದೆ!

ಮೊದಲನೇ ದಾರಿ ಕ್ಸೈಲಂ. ಕೂದಲಿನಂಥ ಬೇರುರೋಮಗಳು ಮಣ್ಣಿನ ನೀರನ್ನೂ ಅದರಲ್ಲಿ ಕರಗಿದ ಲವಣಗಳನ್ನೂ ಹೀರುತ್ತವೆ. ಅದು ಕ್ಸೈಲಂನ ಟೊಳ್ಳು ಕೊಳವೆಗಳಲ್ಲಿ ಮೇಲೇರುತ್ತದೆ. ಈ ಕೊಳವೆಗಳು ಸತ್ತ ಜೀವಕೋಶಗಳಿಂದ ಆದವು. ಎಲೆಯ ಪತ್ರರಂಧ್ರಗಳಿಂದ ನೀರು ಆವಿಯಾಗಿ ಹೋಗುತ್ತಲೇ ಇರುತ್ತೆ. ಇದೇ ಬಾಷ್ಪವಿಸರ್ಜನೆ. ನೀರಿನ ಕಣಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುವುದರಿಂದ, ಮೇಲಿನದು ಹೋದಂತೆ ಕೆಳಗಿನದು ಎಳೆದುಕೊಂಡು ಬರುತ್ತೆ, ಬಾವಿಯ ಹಗ್ಗ ಸೇದಿದ ಹಾಗೆ. ಇದನ್ನು 1894ರಲ್ಲಿ ಐರ್ಲೆಂಡಿನ ಡಿಕ್ಸನ್ ಮತ್ತು ಜೋಲಿ ವಿವರಿಸಿದರು. ಅಂದರೆ ಬಿಸಿಲೇ ಮರದ ಮೋಟಾರು!

ಎರಡನೇ ದಾರಿ ಫ್ಲೋಯಂ. ಎಲೆ ಗಿಡದ ಅಡುಗೆಮನೆ. ಬೇರು ಕತ್ತಲಲ್ಲಿರುತ್ತೆ, ತಾನೇ ಅಡುಗೆ ಮಾಡಿಕೊಳ್ಳಲಾರದು. ಎಲೆಯಲ್ಲಿ ತಯಾರಾದ ಸಕ್ಕರೆಯನ್ನು ಬೇರಿಗೂ, ಹೂವು ಕಾಯಿಗೂ ಒಯ್ಯುವುದು ಈ ಜೀವಂತ ಅಂಗಾಂಶ. ಬೇವು, ಹೊಂಗೆ, ಮಾವಿನಂಥ ಮರಗಳಲ್ಲಿ ಇದು ಇರುವುದು ತೊಗಟೆಯ ಒಳಮೈಯಲ್ಲಿ, ತೀರಾ ತೆಳ್ಳಗೆ.

17ನೇ ಶತಮಾನದಲ್ಲಿ ಇಟಲಿಯ ಮಾಲ್ಪೀಘಿ ಎಂಬ ವಿಜ್ಞಾನಿ ಮರದ ಸುತ್ತ ಉಂಗುರದಂತೆ ತೊಗಟೆ ತೆಗೆದು ನೋಡಿದರು. ಉಂಗುರದ ಮೇಲ್ಭಾಗ ಊದಿಕೊಂಡಿತು. ಕೆಳಗಿಳಿಯುವ ಆಹಾರ ಅಲ್ಲೇ ನಿಂತಿತ್ತು. ನಮ್ಮ ದೊಡ್ಡಪ್ಪ ದಾಳಿಂಬೆಗೆ ಗೂಟಿ ಕಟ್ಟುವಾಗಲೂ ಕೊಂಬೆಯ ತೊಗಟೆಯನ್ನು ಹೀಗೇ ಉಂಗುರವಾಗಿ ಬಿಡಿಸುತ್ತಾರೆ. ಕ್ಸೈಲಂಗೆ ಪೆಟ್ಟಾಗದ ಕಾರಣ ಎಲೆ ಬಾಡೋದಿಲ್ಲ. ನಿಂತ ಆಹಾರದ ಬಲದಿಂದ ಅಲ್ಲಿ ಹೊಸ ಬೇರು ಬರುತ್ತೆ.

ಕೊಂಬೆಗೆ ಮಾಡಿದರೆ ಹೊಸ ಗಿಡ. ಅದನ್ನೇ ಬುಡಕ್ಕೆ ಮಾಡಿದರೆ? ಎಲೆ ಕೆಲವು ಕಾಲ ಹಸಿರಾಗೇ ಇರುತ್ತೆ, ಮರಕ್ಕೆ ಏನೂ ಆಗಿಲ್ಲ ಅಂತ ನಾವು ತಿಳಿಯುತ್ತೇವೆ. ಆದರೆ ಬೇರು ಹಸಿವಿನಿಂದ ಸಾಯುತ್ತಿರುತ್ತೆ. ಬೇರು ಸತ್ತ ಮೇಲೆ ನೀರು ಕೊಡುವವರಾರು? ಕೊನೆಗೆ ಇಡೀ ಮರವೇ ಒಣಗುತ್ತದೆ.

ಶಾಲೆಯ ದಾರಿಯ ಹೊಂಗೆ ಮರಗಳನ್ನು ಹೋಗಿ ನೋಡಿ. ಮೂರು ಮರಗಳಿಗೆ ಬೇಲಿ ತಂತಿ ಬಿಗಿದಿದೆ. ಮರ ದಪ್ಪವಾದಂತೆ ತಂತಿ ತೊಗಟೆಯೊಳಗೆ ಇಳಿದಿದೆ. ಒಂದರಲ್ಲಿ ತಂತಿಯ ಮೇಲೆ ಆಗಲೇ ಊತ ಕಾಣುತ್ತಿದೆ! ಯಾರು ಕಟ್ಟಿದರು ಅನ್ನೋದು ಬೇಡ. ಗುರುಗಳು ಒಪ್ಪಿದರೆ ಶನಿವಾರ ಇಕ್ಕಳ ತಂದು, ದೊಡ್ಡವರ ಕೈಯಿಂದ ತಂತಿ ಬಿಚ್ಚಿಸೋಣ. ಎಲ್ಲರೂ ಬನ್ನಿ.

ಮಾಡಿ ನೋಡಿ: ಕರ್ಣಕುಂಡಲ ಗಿಡವನ್ನು ಬೇರುಸಹಿತ ಕಿತ್ತು, ತೊಳೆದು, ಕೆಂಪು ಇಂಕು ಬೆರೆಸಿದ ನೀರಿನಲ್ಲಿ ಇಡಿ. ಕೆಲವು ಗಂಟೆ ಬಿಟ್ಟು ಕಾಂಡವನ್ನು ಅಡ್ಡಲಾಗಿ ಕೊಯ್ದು ನೋಡಿ. ಕೆಂಪಾಗಿ ಕಾಣುವ ಚುಕ್ಕೆಗಳೇ ಕ್ಸೈಲಂ. ನಾನು ಮಾಡಿದೆ, ಚೆನ್ನಾಗಿ ಬಂತು.

– 9ನೇ ತರಗತಿ ವಿದ್ಯಾರ್ಥಿನಿ