ಊರು ಬಿಟ್ಟರೂ ಮಾತ್ರೆ ಬಿಡಬೇಡಿ

ಜ್ವರ ಬಂದರೆ ನಾಲ್ಕು ದಿನ ಗುಳಿಗೆ ನುಂಗಿ ಮರೆತುಬಿಡುತ್ತೇವೆ. ಬಿಪಿ, ಶುಗರ್ ಹಾಗಲ್ಲ. ಒಮ್ಮೆ ಬಂದರೆ ಬಹುತೇಕ ಜೀವನಪೂರ್ತಿ ಜೊತೆಗಿರುತ್ತವೆ. ನೋವಿಲ್ಲವೆಂದು ಮಾತ್ರೆ ನಿಲ್ಲಿಸಿದರೆ ಕಣ್ಣು, ಮೂತ್ರಪಿಂಡ, ಹೃದಯಗಳನ್ನು ಒಳಗೊಳಗೇ ಸವೆಸುತ್ತವೆ. ಲಕ್ವಾ ಹೊಡೆದ ದಿನವೇ ಎಷ್ಟೋ ಮನೆಗಳಿಗೆ ಎಚ್ಚರವಾಗುವುದು.

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಅನೇಕ ಕುಟುಂಬಗಳು ದುಡಿಮೆಗಾಗಿ ಮಹಾರಾಷ್ಟ್ರ, ಗೋವಾಗಳಿಗೆ ಗುಳೆ ಹೋಗುತ್ತವೆ. ಅಲ್ಲಿಯ ವೈದ್ಯರು ಹಿಂದಿನ ಚಿಕಿತ್ಸೆ ಕೇಳಿದರೆ ಉತ್ತರ ಒಂದೇ: 'ಬಿಳಿ ಗುಳಿಗಿ ಕೊಟ್ಟಿದ್ರು ಸಾಹೇಬ್ರ.'

ಈ ಕೊಂಡಿ ಕಳಚದಂತೆ ಒಂದು ಸರಪಳಿ ಇದೆ. 30 ವರ್ಷ ದಾಟಿದವರ ವಿವರವನ್ನು ಆಶಾ ಕಾರ್ಯಕರ್ತೆ ಬರೆದುಕೊಳ್ಳುತ್ತಾರೆ. ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ ಬಿಪಿ, ಶುಗರ್ ನೋಡುತ್ತಾರೆ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಮಾತ್ರೆ ನಿರ್ಧರಿಸುತ್ತಾರೆ. ತೊಡಕಾದರೆ ತಾಲ್ಲೂಕು ಆಸ್ಪತ್ರೆ. 2019ರಲ್ಲಿ ಆರಂಭವಾದ ಇ-ಸಂಜೀವನಿಯಿಂದ ಉಪಕೇಂದ್ರದಲ್ಲಿ ಕುಳಿತೇ ದೂರದ ವೈದ್ಯರೊಡನೆ ಮಾತನಾಡಬಹುದು. 14 ಅಂಕಿಗಳ 'ಆಭಾ' ಸಂಖ್ಯೆಗೆ ದಾಖಲೆಗಳನ್ನು ಜೋಡಿಸಿಕೊಂಡರೆ ಅವು ಪರಊರಿನಲ್ಲೂ ಸಿಗಬಲ್ಲವು.

ಹಾಗಾದರೆ ಯಂತ್ರವಿದ್ದರೆ ಸಾಕೆ? ಕರ್ನಾಟಕ ಮತ್ತು ಹರಿಯಾಣದ 40 ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಇದನ್ನೇ ಪರೀಕ್ಷಿಸಿದರು. ಕೆಲವು ಕೇಂದ್ರಗಳಲ್ಲಿ ದಾದಿಯರು ಟ್ಯಾಬ್ಲೆಟ್‌ನಲ್ಲಿ ವಿವರ ತುಂಬುತ್ತಿದ್ದರು. ಅದು ವೈದ್ಯರಿಗೆ ಚಿಕಿತ್ಸೆಯ ಸಲಹೆ ಸೂಚಿಸುತ್ತಿತ್ತು. ಉಳಿದ ಕೇಂದ್ರಗಳಲ್ಲಿ ಆ ಸೌಲಭ್ಯವಿರಲಿಲ್ಲ, ಸಿಬ್ಬಂದಿಗೆ ತರಬೇತಿ ಮಾತ್ರ. 2019ರಲ್ಲಿ ಪ್ರಕಟವಾದ ಫಲಿತಾಂಶದಂತೆ ಎರಡೂ ಕಡೆ ರಕ್ತದೊತ್ತಡ ಇಳಿದಿತ್ತು. ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿ. ಯಂತ್ರ ನೆನಪಿಸಬಲ್ಲದು, ಮಾತ್ರೆ ನುಂಗಬೇಕಾದವರು ನಾವೇ.

ವಿದ್ಯಾರ್ಥಿಗಳೇ, ಇಲ್ಲೊಂದು ವಿಜ್ಞಾನದ ಪಾಠವೂ ಇದೆ. ಕೆಂಪು ರಕ್ತಕಣದ ಆಯುಷ್ಯ ಸುಮಾರು 120 ದಿನ. ರಕ್ತದಲ್ಲಿ ಸಕ್ಕರೆ ಹೆಚ್ಚಿದಷ್ಟೂ ಅದರ ಹಿಮೋಗ್ಲೋಬಿನ್‌ಗೆ ಅಂಟುತ್ತದೆ. ಅದನ್ನು ಅಳೆಯುವ ಎಚ್‌ಬಿಎ1ಸಿ ಪರೀಕ್ಷೆ ಎರಡು ಮೂರು ತಿಂಗಳ ಸರಾಸರಿ ಹೇಳುತ್ತದೆ. ಹಿಂದಿನ ದಿನ ಸಿಹಿ ಬಿಟ್ಟು ವೈದ್ಯರನ್ನು ನಂಬಿಸುವಂತಿಲ್ಲ!

ಇಂದೇ ಒಂದು ನೋಟ್‌ಬುಕ್ ತೆಗೆಯಿರಿ. ಅಪ್ಪ, ಅವ್ವ, ಅಜ್ಜಿಯರ ಬಿಪಿ, ಶುಗರ್, ಮಾತ್ರೆಯ ಹೆಸರು, ತಾರೀಖು ಬರೆಯಿರಿ. ಚೀಟಿಯ ಫೋಟೊ ಮೊಬೈಲಿನಲ್ಲಿರಲಿ. ಬಿಪಿ 140/90 ಅಥವಾ ಹೆಚ್ಚು ಎಂದು ಮತ್ತೆ ಮತ್ತೆ ಬಂದರೆ ವೈದ್ಯರಿಗೆ ತೋರಿಸಿ. ಗುಳೆ ಹೊರಡುವ ಮುನ್ನ ಎಷ್ಟು ದಿನದ ಮಾತ್ರೆ ಬೇಕೆಂದು ಆರೋಗ್ಯ ಕೇಂದ್ರದಲ್ಲಿ ಕೇಳಿ. ಹಿಟ್ಟಿನ ಗಂಟಿನ ಜೊತೆ ಮಾತ್ರೆಯ ಚೀಲವೂ ಹೋಗಲಿ.