ಬಂದವರು ಕಟ್ಟಿದ ಊರು ಜಿನೀವಾ

ಜಿನೀವಾದ ಚಿತ್ರ ಎಲ್ಲಿ ಅಚ್ಚಾದರೂ ಸರೋವರದಿಂದ ನೆಟ್ಟಗೆ ಮೇಲೇಳುವ ಒಂದು ಬಿಳಿ ನೀರಿನ ಕಂಬ ಅದರಲ್ಲಿ ಇದ್ದೇ ಇರುತ್ತದೆ. ಹೆಸರು ಝೆ ದೋ, ಎತ್ತರ 140 ಮೀಟರ್. ಸೆಕೆಂಡಿಗೆ 500 ಲೀಟರ್ ನೀರು ಗಂಟೆಗೆ 200 ಕಿಲೋಮೀಟರ್ ವೇಗದಲ್ಲಿ ಚಿಮ್ಮುತ್ತದೆ. ಈ ಅಂಕಿಗಳನ್ನು ಯಾವ ಪ್ರವಾಸಿ ಕೈಪಿಡಿ ತೆರೆದರೂ ಓದಬಹುದು. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಕಾರಂಜಿ ಹುಟ್ಟಿದ ಬಗೆ. ಅದನ್ನು ಯಾರೂ ಅಲಂಕಾರಕ್ಕೆಂದು ಶುರುಮಾಡಿರಲಿಲ್ಲ.

ಸರೋವರದಿಂದ ಹೊರಬಿದ್ದ ರೋನ್ ನದಿ ಸ್ವಲ್ಪ ದೂರ ಹರಿದಲ್ಲಿ, 1886ರಲ್ಲಿ ಒಂದು ಪಂಪ್‌ಹೌಸ್ ಕೆಲಸ ಆರಂಭಿಸಿತು. ಒತ್ತಡದಲ್ಲಿ ನೀರನ್ನು ಊರಿಗೆ ಹರಿಸುವುದು, ಅದೇ ಒತ್ತಡದಿಂದ ಕಾರ್ಖಾನೆಗಳ, ಗಡಿಯಾರದ ಕುಶಲಕರ್ಮಿಗಳ ಯಂತ್ರಗಳನ್ನು ನಡೆಸುವುದು ಅದರ ಕೆಲಸ. ಸಂಜೆಯಾಗಿ ಕೆಲಸಗಾರರು ಯಂತ್ರ ನಿಲ್ಲಿಸಿದರೆ ಕೊಳವೆಗಳಲ್ಲಿ ಒತ್ತಡ ಏರಿಬಿಡುತ್ತಿತ್ತು. ಅದಕ್ಕೆ ಎಂಜಿನಿಯರುಗಳು ಕೊಳವೆಗೆ ಇನ್ನೊಂದು ಬಾಯಿ ಇಟ್ಟು, ಹೆಚ್ಚಾದ ನೀರನ್ನು ಮೇಲಕ್ಕೆ ಬಿಟ್ಟರು. ಆಗ ಅದರ ಎತ್ತರ ಸುಮಾರು 30 ಮೀಟರ್. ಕಾರಂಜಿ ಎದ್ದಿತೆಂದರೆ ಊರಿನ ದುಡಿಮೆ ಆ ದಿನಕ್ಕೆ ಮುಗಿಯಿತೆಂದೇ ಅರ್ಥ. ಜನಕ್ಕೆ ಅದು ಎಷ್ಟು ಹಿಡಿಸಿತೆಂದರೆ, 1891ರಲ್ಲಿ ಅದನ್ನು ಸರೋವರದ ಬಾಯಿಗೇ ತಂದರು. ಈಗಿನ ಎತ್ತರ ಬಂದದ್ದು 1951ರಲ್ಲಿ, ಸರೋವರದ ನೀರನ್ನೇ ಎಳೆದುಕೊಳ್ಳುವ ಸ್ವಂತ ಪಂಪುಗಳನ್ನು ಕೂರಿಸಿದ ಮೇಲೆ.

ಕಲ್ಲಿನ ಕಟ್ಟೆಯ ಮೇಲೆ ನಡೆದು ಅದರ ಬುಡದವರೆಗೂ ಹೋಗಬಹುದು. ಹತ್ತಿರ ಹೋದಂತೆ ಮೊದಲು ತಟ್ಟುವುದು ಸದ್ದು, ಪಕ್ಕದಲ್ಲಿ ನಿಂತವರ ಮಾತೂ ಕೇಳಿಸದಂಥ ಭೋರೆಂಬ ಸದ್ದು. ನೀರು ಅಷ್ಟು ಬೆಳ್ಳಗೆ ಕಾಣುವುದಕ್ಕೆ ಕಾರಣ ಅದರೊಳಗೆ ಸೇರಿಕೊಂಡ ಲಕ್ಷಾಂತರ ಗಾಳಿಯ ಗುಳ್ಳೆಗಳು. ಗಾಳಿ ಸ್ವಲ್ಪ ದಿಕ್ಕು ಬದಲಿಸಿದರೂ ಸಾಕು, ಕಟ್ಟೆಯ ಮೇಲಿದ್ದವರೆಲ್ಲ ತೊಪ್ಪೆಯಾಗುತ್ತಾರೆ. ಗಾಳಿ ಜೋರಾದ ದಿನ ಕಾರಂಜಿಯನ್ನು ನಿಲ್ಲಿಸಿಬಿಡುತ್ತಾರೆ. ಅದನ್ನೇ ನೋಡಲೆಂದು ಹೋಗುವವರು ಒಂದು ದಿನವನ್ನು ಕೈಯಲ್ಲಿ ಹೆಚ್ಚು ಇಟ್ಟುಕೊಳ್ಳುವುದು ಒಳ್ಳೆಯದು.

ಆ ಗಡಿಯಾರದ ಕೆಲಸಗಾರರು ಈ ಊರಿಗೆ ಬಂದದ್ದಾದರೂ ಎಲ್ಲಿಂದ? ಜಿನೀವಾದ ಬಹುಪಾಲು ಕಥೆ ಈ ಪ್ರಶ್ನೆಯಲ್ಲಿದೆ. ಊರನ್ನು ತನ್ನ ಕಟ್ಟುಪಾಡಿಗೆ ಬಗ್ಗಿಸಿದ ಧರ್ಮಸುಧಾರಕ ಜಾನ್ ಕ್ಯಾಲ್ವಿನ್ ಸ್ವತಃ ಫ್ರಾನ್ಸಿನಿಂದ ಓಡಿಬಂದವನು. 1536ರಲ್ಲಿ ಬಂದ, ಎರಡೇ ವರ್ಷಕ್ಕೆ ಊರಿನವರು ಹೊರಹಾಕಿದರು, 1541ರಲ್ಲಿ ಅವರೇ ಮತ್ತೆ ಕರೆಸಿಕೊಂಡರು. ಅವನಿಗೆ ಊರಿನ ಪೌರತ್ವ ಸಿಕ್ಕಿದ್ದು ಮಾತ್ರ 1559ರಲ್ಲಿ. ಅವನ ಹಿಂದೆ ಹ್ಯೂಗೆನಾಟರೆಂಬ ಫ್ರಾನ್ಸಿನ ಪ್ರಾಟೆಸ್ಟಂಟರು, ಇಟಲಿಯ ಪ್ರಾಟೆಸ್ಟಂಟರು ಪ್ರಾಣ ಉಳಿಸಿಕೊಳ್ಳಲು ಬಂದರು. ಕೋಟೆಯೊಳಗೆ ಜಾಗ ಸಾಲದೆ ಇದ್ದ ಮನೆಗಳ ಮೇಲೆಯೇ ಮಹಡಿ ಏರಿಸಿದರು. ಹಳೆಯ ಪೇಟೆಯ ಗ್ರಾಂಡ್ ರೂ ಬೀದಿಯಲ್ಲಿ ತಲೆಯೆತ್ತಿ ನೋಡುತ್ತ ನಡೆದರೆ ಆ ಕಾಲದ ಇಕ್ಕಟ್ಟು ಇಂದಿಗೂ ಕಾಣುತ್ತದೆ.

ಬಂದವರು ಕೈಕೆಲಸವನ್ನೂ ತಂದರು. ಕ್ಯಾಲ್ವಿನ್‌ನ ಆಡಳಿತ ಒಡವೆಯ ಶೋಕಿಗೆ ಕಡಿವಾಣ ಹಾಕಿದಾಗ ಅಕ್ಕಸಾಲಿಗರ ಅನ್ನಕ್ಕೆ ಕುತ್ತು ಬಂತು. ಸಮಯ ನೋಡುವ ಯಂತ್ರವನ್ನು ಯಾರೂ ಶೋಕಿ ಎನ್ನುವಂತಿರಲಿಲ್ಲ. ಅಕ್ಕಸಾಲಿಗರ ಕೈಚಳಕವೂ ನಿರಾಶ್ರಿತರ ಗಡಿಯಾರದ ವಿದ್ಯೆಯೂ ಕೂಡಿಕೊಂಡವು. 1601ರಲ್ಲಿ ಇಲ್ಲಿ ಗಡಿಯಾರ ತಯಾರಕರ ಸಂಘ ಹುಟ್ಟಿತು. ನದಿಯಾಚೆಯ ಸೆಂ ಝೆರ್ವೆ ಕೇರಿಯಲ್ಲಿ ಕುಶಲಕರ್ಮಿಗಳು ಬೆಳಕಿಗಾಗಿ ಕಟ್ಟಡಗಳ ತುತ್ತತುದಿಯ ಮಹಡಿಯಲ್ಲಿ, ಕಿಟಕಿಗೆ ಆನಿಸಿದ ಮೇಜಿನ ಮುಂದೆ ಕೂತು ಕೆಲಸ ಮಾಡುತ್ತಿದ್ದರು. ಓದು, ರಾಜಕೀಯದ ಚರ್ಚೆ ಎರಡರಲ್ಲೂ ಅವರು ಮುಂದು. ತತ್ವಜ್ಞಾನಿ ಝಾನ್ ಜ್ಯಾಕ್ ರೂಸೋ 1712ರಲ್ಲಿ ಹುಟ್ಟಿದ್ದು ಅಂಥ ಒಬ್ಬ ಗಡಿಯಾರ ತಯಾರಕನ ಮನೆಯಲ್ಲಿ.

ಈ ಕಸುಬನ್ನು ನೋಡಬೇಕೆಂದರೆ ಪ್ಲೆಂಪಲೇ ಬಡಾವಣೆಯ ಪಾಟೆಕ್ ಫಿಲಿಪ್ ಮ್ಯೂಸಿಯಂಗೆ ಹೋಗಬೇಕು. ನೆಲಮಹಡಿಯಲ್ಲಿ ಹಳೆಯ ಮೇಜುಗಳು, ಉಪಕರಣಗಳು. ಮೇಲೆ 16ನೇ ಶತಮಾನದಿಂದ ಈಚಿನ ಗಡಿಯಾರಗಳು. ಎನಾಮಲ್ ಕೆಲಸದ ಮುಂದೆ ಗಂಟೆಗಟ್ಟಲೆ ನಿಂತರೂ ನನಗೆ ಸಾಲದು. ಅಂಗೈಯಲ್ಲಿ ಅಡಗುವ ಗಡಿಯಾರದ ಬೆನ್ನ ಮೇಲೆ ಇಡೀ ಭೂದೃಶ್ಯ, ಮನುಷ್ಯರ ಮುಖದ ಭಾವ ಸಮೇತ. ಈ ಕಂಪನಿಯನ್ನು ಹುಟ್ಟುಹಾಕಿದ ಆಂಟನಿ ಪಾಟೆಕ್ ಕೂಡ ಹೊರಗಿನವನೇ. ರಷ್ಯಾದ ವಿರುದ್ಧ ದಂಗೆಯೆದ್ದು ಸೋತು ದೇಶಬಿಟ್ಟ ಪೋಲೆಂಡಿನವನು. ಅವನ ಜೊತೆ ಸೇರಿದ ಆದ್ರಿಯಾ ಫಿಲಿಪ್ ಫ್ರಾನ್ಸಿನವನು.

ನಮ್ಮವರೂ ಇಲ್ಲಿ ಆಶ್ರಯ ಪಡೆದಿದ್ದಾರೆ. ಲಂಡನ್ನಿನಲ್ಲಿ ಇಂಡಿಯಾ ಹೌಸ್ ಸ್ಥಾಪಿಸಿದ ಕ್ರಾಂತಿಕಾರಿ ಶ್ಯಾಮಜಿ ಕೃಷ್ಣವರ್ಮ ಬ್ರಿಟಿಷರ ಕೈಗೆ ಸಿಗದೆ ಕೊನೆಯ ವರ್ಷಗಳನ್ನು ಕಳೆದದ್ದು ಜಿನೀವಾದಲ್ಲಿ. 1930ರಲ್ಲಿ ಅವರು ತೀರಿಕೊಂಡ ಮೇಲೆ ಚಿತಾಭಸ್ಮ ಇಲ್ಲಿನ ಸ್ಮಶಾನದಲ್ಲೇ ಇತ್ತು. 2003ರಲ್ಲಿ ಭಾರತಕ್ಕೆ ಬಂತು.

ಸಮಯ ಕಡಿಮೆಯಿದ್ದು ಒಂದೇ ಒಂದು ಕಡೆ ಹೋಗುವುದಾದರೆ ಎಲ್ಲಿಗೆ ಎಂದು ಯಾರಾದರೂ ಕೇಳಿದರೆ, ರೆಡ್‌ಕ್ರಾಸ್ ಮ್ಯೂಸಿಯಂ ಎನ್ನುತ್ತೇನೆ. ಸೋಲ್ಫೆರಿನೊ ಯುದ್ಧದಲ್ಲಿ ಗಾಯಾಳುಗಳು ಆರೈಕೆಯಿಲ್ಲದೆ ನರಳಿದ್ದನ್ನು 1859ರಲ್ಲಿ ಕಣ್ಣಾರೆ ಕಂಡ ಜಿನೀವಾದ ವ್ಯಾಪಾರಿ ಹೆನ್ರಿ ಡ್ಯೂನಾಂಟ್, ಅದನ್ನು ಪುಸ್ತಕವಾಗಿ ಬರೆದ. 1863ರಲ್ಲಿ ರೆಡ್‌ಕ್ರಾಸ್ ಹುಟ್ಟಿತು, ಮರುವರ್ಷ ಮೊದಲ ಜಿನೀವಾ ಒಪ್ಪಂದಕ್ಕೆ ಸಹಿ ಬಿತ್ತು. ಡ್ಯೂನಾಂಟ್ ಮಾತ್ರ ದಿವಾಳಿಯಾಗಿ ಊರು ಬಿಟ್ಟ, ಮತ್ತೆ ಕಾಲಿಡಲಿಲ್ಲ. 1901ರಲ್ಲಿ ಶಾಂತಿಯ ಮೊಟ್ಟಮೊದಲ ನೊಬೆಲ್ ಅವನಿಗೂ ಫ್ರಾನ್ಸಿನ ಫ್ರೆಡೆರಿಕ್ ಪಾಸಿಗೂ ಸೇರಿ ಬಂತು. ಪರದೇಶಿಗಳಿಗೆಲ್ಲ ಬಾಗಿಲು ತೆರೆದ ಊರು ತನ್ನ ಮಗನ ವಿಷಯದಲ್ಲಿ ಹೀಗೇಕೆ ಕಲ್ಲಾಯಿತೋ ಎಂದು ನೋವಾಗುತ್ತದೆ.

ಮ್ಯೂಸಿಯಂನಲ್ಲಿ ಎದೆಯನ್ನು ಹಿಂಡುವುದು ಕಾರ್ಡುಗಳ ಸಾಲು. ಮೊದಲ ಮಹಾಯುದ್ಧದಲ್ಲಿ ಸೆರೆಸಿಕ್ಕವರ ಸುದ್ದಿಯನ್ನು ಮನೆಗೆ ಮುಟ್ಟಿಸಲು ರೆಡ್‌ಕ್ರಾಸ್ 1914ರಲ್ಲಿ ಇಲ್ಲಿ ಒಂದು ಕಚೇರಿ ತೆರೆಯಿತು. ಮನೆಯವರು ಕೇಳಿ ಬರೆದರೆ ಒಂದು ಕಾರ್ಡು. ಸೆರೆಶಿಬಿರದ ಪಟ್ಟಿಯಲ್ಲಿ ಹೆಸರು ಬಂದರೆ ಇನ್ನೊಂದು ಕಾರ್ಡು. ಎಲ್ಲವೂ ಅಕ್ಷರಕ್ರಮದಲ್ಲಿ. ಒಂದೇ ಹೆಸರಿನ ಎರಡು ಕಾರ್ಡುಗಳು ಪೆಟ್ಟಿಗೆಯಲ್ಲಿ ಅಕ್ಕಪಕ್ಕ ಬಂದ ದಿನ ಒಬ್ಬ ತಾಯಿಗೆ ಉತ್ತರ ಹೋಗುತ್ತಿತ್ತು. ಹೀಗೆ ಸುಮಾರು 60 ಲಕ್ಷ ಕಾರ್ಡುಗಳು, ಬಹಳಷ್ಟು ಕೈಬರಹದವು. ಬರೆದವರಲ್ಲಿ ಹೆಚ್ಚಿನವರು ಸ್ವಯಂಸೇವಕರು. ರಾಮಕೃಷ್ಣ, ವಿವೇಕಾನಂದ, ಗಾಂಧಿಯವರ ಜೀವನಚರಿತ್ರೆಗಳಿಂದ ನಮಗೆ ಆಪ್ತನಾದ ರೊಮೆ ರೋಲಾ ಕೂಡ ಅಲ್ಲಿ ಕೂತು ಕೆಲಸ ಮಾಡಿದ್ದಾನೆ.

ಮ್ಯೂಸಿಯಂ ಎದುರಿಗೇ ವಿಶ್ವಸಂಸ್ಥೆಯ ಪಾಲೆ ದೆ ನಸ್ಯೋಂ, ಮೊದಲು ಲೀಗ್ ಆಫ್ ನೇಷನ್ಸ್‌ಗೆಂದು ಕಟ್ಟಿದ್ದು. ಒಳಗೆ ಹೋಗಲು ಪಾಸ್‌ಪೋರ್ಟ್ ಬೇಕು. ಹೊರಗಿನ ಚೌಕದಲ್ಲಿ ಒಂದು ಕಾಲು ಮುರಿದ 12 ಮೀಟರ್ ಎತ್ತರದ ಮರದ ಕುರ್ಚಿಯಿದೆ. ನೆಲಬಾಂಬಿಗೆ ಕಾಲು ಕಳೆದುಕೊಂಡವರ ಪರವಾಗಿ 1997ರಲ್ಲಿ ನಿಲ್ಲಿಸಿದ್ದು.

ರೈಲು ನಿಲ್ದಾಣದಿಂದ 18ನೇ ನಂಬರಿನ ಟ್ರಾಮ್ ಹತ್ತಿದರೆ ಕೊನೆಯ ನಿಲ್ದಾಣ ಕಣಭೌತವಿಜ್ಞಾನದ ಪ್ರಯೋಗಾಲಯ ಸರ್ನ್. ಅದರ ಕಣಗಳನ್ನು ಓಡಿಸುವ 27 ಕಿಲೋಮೀಟರ್ ಸುತ್ತಳತೆಯ ಸುರಂಗ ನೆಲದಡಿಯಲ್ಲಿ ಫ್ರಾನ್ಸಿನ ಗಡಿ ದಾಟಿ ಬಳಸಿಕೊಂಡು ಬರುತ್ತದೆ. ಟಿಮ್ ಬರ್ನರ್ಸ್ ಲೀ 1989ರಲ್ಲಿ ವೆಬ್‌ನ ಕಲ್ಪನೆಯನ್ನು ಮುಂದಿಟ್ಟದ್ದೂ ಇಲ್ಲೇ. 2004ರಲ್ಲಿ ಭಾರತ ಕೊಟ್ಟ ಎರಡು ಮೀಟರ್ ಎತ್ತರದ ನಟರಾಜ ಆವರಣದೊಳಗಿದ್ದಾನೆ. 2023ರಲ್ಲಿ ತೆರೆದ ಸೈನ್ಸ್ ಗೇಟ್‌ವೇ ಪ್ರದರ್ಶನಕ್ಕೆ ಪ್ರವೇಶ ಉಚಿತ. ಮಕ್ಕಳಿದ್ದರೆ ಅರ್ಧ ದಿನ ಮೀಸಲಿಡಿ.

ಜಿನೀವಾ ದುಬಾರಿ, ನಿಜ. ಆದರೆ ಹೋಟೆಲಿನಲ್ಲಿ ತಂಗಿದವರಿಗೆ ಊರಿನ ಬಸ್ಸು, ಟ್ರಾಮ್, ಸರೋವರ ದಾಟಿಸುವ ಹಳದಿ ದೋಣಿಗಳಿಗೆ ಉಚಿತ ಕಾರ್ಡು ಸಿಗುತ್ತದೆ. ಹೊಟ್ಟೆಗೆ ಪಾಕಿಯ ಸ್ನಾನಘಟ್ಟದ ಕ್ಯಾಂಟೀನು ಸಾಕು. ಕಾಂಕ್ರೀಟಿನ ಈ ಹಳೆಯ ಈಜುತಾಣವನ್ನು ಕೆಡವುವ ಯೋಜನೆಯನ್ನು 1988ರಲ್ಲಿ ಜನ ಮತ ಹಾಕಿ ತಡೆದರು. ಬ್ಯಾಂಕಿನವರೂ ಕೂಲಿಯವರೂ ಒಂದೇ ಬೆಂಚಿನಲ್ಲಿ ಕೂತು ಉಣ್ಣುವ ಜಾಗ ಅದು.

ಹೋಗುವುದಾದರೆ ಡಿಸೆಂಬರ್ ಎರಡನೇ ವಾರಕ್ಕೆ ಹೊಂದಿಸಿಕೊಳ್ಳಿ. 1602ರ ಡಿಸೆಂಬರ್ 12ರ ನಸುಕಿಗೆ ಮುನ್ನ ಸವಾಯ್ ದೊರೆಯ ಸೈನಿಕರು ಏಣಿ ಹಾಕಿ ಕೋಟೆ ಹತ್ತಿದಾಗ, ರೊಯೋಮ್ ತಾಯಿ ಎಂಬಾಕೆ ಕುದಿಯುವ ತರಕಾರಿ ಸಾರಿನ ಹಂಡೆಯನ್ನೇ ಅವರ ಮೇಲೆ ಸುರಿದಳು ಎಂಬುದು ಊರಿನ ನಂಬಿಕೆ. ಆಕೆಯೂ ಫ್ರಾನ್ಸಿನ ಲಿಯೋನ್‌ನಿಂದ ಬಂದು ನೆಲೆಸಿದವಳು. ಅದರ ನೆನಪಿಗೆ ಅಂಗಡಿಗಳಲ್ಲಿ ಚಾಕೊಲೇಟಿನ ಹಂಡೆಗಳು ಬರುತ್ತವೆ, ಒಳಗೆ ಬಾದಾಮಿ ಹಿಟ್ಟಿನ ಪುಟ್ಟ ಪುಟ್ಟ ತರಕಾರಿಗಳು. ಮನೆಯ ಹಿರಿಯರೂ ಅತಿ ಕಿರಿಯ ಮಗುವೂ ಕೈ ಸೇರಿಸಿ ಗುದ್ದಿ ಅದನ್ನು ಒಡೆಯುತ್ತಾರೆ, ಚೂರುಗಳಿಗೆ ಎಲ್ಲರೂ ಮುಗಿಬೀಳುತ್ತಾರೆ.